ಮಾವಿನ ಸೊನೆಯ ಕಲೆ

ನನ್ನದೇ ಕತ್ತಿ ನನ್ನ ಗಂಟಲ ಮೇಲಿತ್ತು.

ಚರ್ಮ ಕೆರೆಯುವ ಅಗಲ ಬಾಯಿಯ ಕತ್ತಿ. ಆ ಬೆಳಿಗ್ಗೆಯಷ್ಟೇ ಕಲ್ಲಿಗೆ ಹಾಕಿ ಮಸೆದಿದ್ದೆ. ಅದು ಎಷ್ಟು ಹರಿತ ಅಂತ ಹಿಡಿದವನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಅಲುಗಾಡಲಿಲ್ಲ.

"ಬ್ಯಾಗ್ ಎಲ್ಲಿ?" ಅಂದ.

"ಕಣ್ಣಿಲ್ವಾ? ಹನ್ನೊಂದು ನೇತಾಕಿದೀನಿ. ಯಾವ್ದು ಬೇಕು?"

"ಕಂದು ಬಣ್ಣದ್ದು. ಹಿತ್ತಾಳೆ ಕೊಂಡಿದು."

ಹನ್ನೊಂದರಲ್ಲಿ ಎಂಟು ಕಂದು. ಎಂಟಕ್ಕೂ ಹಿತ್ತಾಳೆ ಕೊಂಡಿ. ಅವನು ಅವನ್ನೇ ನೋಡಿದ... ಬೆವರಿದ. ದನ ಕಾಯುವವನಿಗೆ ತನ್ನ ದನ ಯಾವುದೆಂದು ಗೊತ್ತಿರುತ್ತದೆ. ಇವನು ತಾನೇ ಕದ್ದು ತಾನೇ ಮಾರಿದ ಬ್ಯಾಗಿನ ಗುರುತನ್ನೂ ಇಟ್ಟುಕೊಂಡಿರಲಿಲ್ಲ. ಸಿಟ್ಟಿಗೆ ಮೂರು ಬ್ಯಾಗುಗಳನ್ನು ಸೀಳಿ ಹಾಕಿದ. ನನ್ನ ಹದಿನೈದು ದಿನದ ಕೆಲಸ.

ಚಿನ್ನದ ಗಣಿಯ ಯಾವಳೋ ದೊರೆಸಾನಿಯ ಹಳೇ ಬ್ಯಾಗನ್ನು ಗಳುವಿನಿಂದ ಇಳಿಸಿ ಅವನ ಮುಂದೆ ಹಿಡಿದೆ. "ಇದೇ" ಅಂದೆ.

ನಂಬಿದ. ಕತ್ತಿಯನ್ನು ನೆಲಕ್ಕೆಸೆದು ಹೋದ.

ಅವನು ಹುಡುಕುತ್ತಿದ್ದ ಬ್ಯಾಗು ಅವನ ಕಾಲಿನಿಂದ ಎರಡು ಮೊಳ ದೂರದಲ್ಲಿತ್ತು. ರಾಗಿಹಿಟ್ಟು ತುಂಬಿದ ಬಾನಿಯೊಳಗೆ ಹೂತು ಮಲಗಿತ್ತು.

ಇದು ಮೂವತ್ತೆಂಟನೇ ಇಸವಿಯ ಮಾತು. ನನ್ನ ಹೆಸರು ಅಸ್ಗರಿ. ಕೋಲಾರದಲ್ಲಿ ಒಂದೇ ಕೋಣೆಯ ಮನೆ, ಹಿಂದೆ ಸಣ್ಣ ಅಂಗಳ. ಗಂಡ ಸತ್ತ ನಲವತ್ತನೇ ದಿನಕ್ಕೆ ಅವನ ಅಣ್ಣಂದಿರು ನನ್ನ ನಡತೆ ಸರಿಯಿಲ್ಲವೆಂದು ಊರೆಲ್ಲ ಹಬ್ಬಿಸಿ ಹೊರಗೆ ಹಾಕಿದ್ದರು. ಮನೆಯಲ್ಲಿ ನನಗೂ ಒಂದು ಪಾಲಿತ್ತು ನೋಡಿ, ಅದಕ್ಕೆ.

ಪೀರ್ ಸಾಬ್ ಅಂತ ಒಬ್ಬ ಮುದುಕ. ಗಂಟು ಹೊತ್ತು ತಿರುಗುವವನು. ಚಿನ್ನದ ಗಣಿಯ ದೊರೆಸಾನಿಯರು ಹಡಗು ಹತ್ತಿ ತಮ್ಮ ಸೀಮೆಗೆ ಹೊರಡುವಾಗ ಬಿಟ್ಟುಹೋದ ಚರ್ಮದ ಬ್ಯಾಗುಗಳನ್ನೂ, ಸಂತೆಯಲ್ಲಿ ಸಿಕ್ಕಿದ್ದನ್ನೂ ತಂದು ನನ್ನ ಅಂಗಳದಲ್ಲಿ ಸುರಿಯುತ್ತಿದ್ದ. ನಾನು ಅವಕ್ಕೆ ಜೀವ ಕೊಡುತ್ತಿದ್ದೆ. ಮೊದಲು ಹೊಲಿಗೆಯೊಳಗಿನ ಧೂಳನ್ನು ಬ್ರಷ್ಷಿನಿಂದ ಬಿಡಿಸಬೇಕು. ಅಂಟುವಾಳದ ನೊರೆಯನ್ನು ಬಟ್ಟೆಗೆ ಹಚ್ಚಿ ಒರೆಸಬೇಕು, ನೆನೆಸಬಾರದು. ಎಣ್ಣೆ ಕುಡಿದಿದ್ದರೆ ರಾಗಿಹಿಟ್ಟಿನಲ್ಲಿ ಎರಡು ದಿನ ಹೂತಿಡಬೇಕು, ಹಿಟ್ಟು ಎಳೆದುಕೊಳ್ಳುತ್ತದೆ. ಒಳಗೆ ಹಳೇ ಕಾಗದ ತುರುಕಿ ನೆರಳಲ್ಲಿ ಒಣಗಿಸಬೇಕು. ಆಮೇಲೆ ಹರಳೆಣ್ಣೆಗೆ ಜೇನುಮೇಣ ಕರಗಿಸಿ, ಅಂಗೈ ಬಿಸಿಯೇರುವ ತನಕ ತಿಕ್ಕಬೇಕು. ಕೊಂಡಿಗೆ ಹುಣಸೆಹಣ್ಣು. ಅಷ್ಟಾದರೆ ಮಾಲೂರಿನ ವಕೀಲರ ಹೆಂಡತಿಯೂ, ಮುಳಬಾಗಿಲಿನ ನರ್ಸಮ್ಮನೂ ಅದನ್ನು ಹೊಸದೆಂದೇ ತೋಳಿಗೆ ಹಾಕಿಕೊಂಡು ಮೆರೆಯುತ್ತಾರೆ. ನಿನ್ನೆ ಯಾರ ಕಂಕುಳಲ್ಲಿತ್ತು ಅಂತ ಕೇಳುವುದಿಲ್ಲ. ಕೇಳಿದರೆ ಮೆರೆಯಲಾಗುವುದಿಲ್ಲವಲ್ಲ.

ಆ ಬ್ಯಾಗು ಬಂದು ಮೂರು ದಿನವಾಗಿತ್ತು. ಶ್ರೀನಿವಾಸಪುರದ ಸಂತೆಯಲ್ಲಿ ಮುನಿಯಲ್ಲಪ್ಪ ಎಂಬ ತೋಟದ ಆಳು ಮಾರಿದ್ದಂತೆ. ಮೇಲಿನ ಕೊಳೆ ಹೋದ ಮೇಲೆ ಹಿಡಿಯ ಬುಡದಿಂದ ಕೆಳಕ್ಕೆ ಇಳಿದ ನಾಲ್ಕು ಕಪ್ಪು ಗೆರೆಗಳು ಕಂಡವು. ಇಂಕಲ್ಲ. ರಕ್ತವೂ ಅಲ್ಲ, ರಕ್ತವಾಗಿದ್ದರೆ ತಣ್ಣೀರಿಗೆ ಬಿಡುತ್ತಿತ್ತು. ಆ ಗೆರೆಗಳ ಅಡಿಯಲ್ಲಿ ಚರ್ಮ ಸುಟ್ಟು ಗಟ್ಟಿಯಾಗಿತ್ತು.

ನಾನು ಹುಟ್ಟಿದ್ದು ಶ್ರೀನಿವಾಸಪುರದ ಕಡೆ. ಮಾವು ಕೀಳುವವರ ಕೈ ನೋಡುತ್ತ ಬೆಳೆದವಳು. ಕಾಯಿ ಕಿತ್ತ ಗಳಿಗೆಯಲ್ಲಿ ತೊಟ್ಟಿನಿಂದ ಸೊನೆ ಒಸರುತ್ತದೆ. ಬಿದ್ದ ಕಡೆ ಸುಡುತ್ತದೆ. ಆಮೇಲೆ ಕಪ್ಪಾಗುತ್ತದೆ. ಆ ಕಲೆಗೆ ಜಗತ್ತಿನಲ್ಲಿ ಮದ್ದಿಲ್ಲ.

ಒಳಗಿನ ಬಟ್ಟೆಯಲ್ಲಿ ಕೆಂಪು ದಾರದಿಂದ ಹೆಸರು ಹೊಲಿದಿತ್ತು. ವೆಂಕಟರತ್ನಮ್ಮ.

ಆ ಹೆಸರು ಗೊತ್ತಿಲ್ಲದವರು ಆ ವರ್ಷ ಕೋಲಾರದಲ್ಲಿ ಇರಲಿಲ್ಲ. ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಮ್ಮ. ಮಕ್ಕಳಿಲ್ಲದ ವಿಧವೆ. ಗಂಡ ಸಾಯುವಾಗ ಇಪ್ಪತ್ತು ಎಕರೆ ಮಾವಿನ ತೋಟವನ್ನು ಅವಳ ಹೆಸರಿಗೆ ಬರೆದಿದ್ದ. ಜೊತೆಗೊಂದು ಸಾಲು ಸೇರಿಸಿದ್ದ. ಅವಳ ನಡತೆ ಕೆಟ್ಟರೆ ತೋಟ ತನ್ನ ತಮ್ಮ ಕೋದಂಡರಾಮಪ್ಪನಿಗೆ ಸೇರತಕ್ಕದ್ದು. ಪ್ರಾಣ ಬಿಡುವಾಗಲೂ ಅನುಮಾನ ಬಿಡದ ಗಂಡಸು!

ಮಾಘಮಾಸದಲ್ಲಿ ಮೇಷ್ಟ್ರಮ್ಮ ಕಾಣೆಯಾದಳು. ಯಾವನ ಜೊತೆಗೋ ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು ಅಂತ ಕೋದಂಡರಾಮಪ್ಪ ಹೇಳಿದ. ಕಣ್ಣಾರೆ ಕಂಡೆವೆಂದು ಹೇಳಲು ಇಬ್ಬರನ್ನು ಹಿಡಿದ. ತೋಟಕ್ಕಾಗಿ ಕೋಲಾರದ ಕೋರ್ಟಿನಲ್ಲಿ ಕೇಸು ಹಾಕಿದ. ಊರು ಚಪ್ಪರಿಸಿಕೊಂಡು ಕೇಳಿತು. ಶಾಲೆಯ ಕಮಿಟಿ ಹಾಜರಿ ಪುಸ್ತಕದಿಂದ ಅವಳ ಹೆಸರು ಹೊಡೆದುಹಾಕಿತು. ವಿಚಾರಣೆ ಗುರುವಾರವಿತ್ತು. ಅವಳು ಬರದಿದ್ದರೆ ತೋಟ ಅವನದು.

ನಾನು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದೆ. ಮಾಘದಲ್ಲಿ ಮಾವಿನ ಮರದ ಮೇಲೆ ಇರುವುದು ಹೂವು. ರೈಲು ಹತ್ತಿ ಹೋದವಳ ಬ್ಯಾಗಿನ ಮೇಲೆ ಹಸಿ ಕಾಯಿಯ ಸೊನೆ ಎಲ್ಲಿಂದ ಬಿತ್ತು?

ಬ್ಯಾಗು ರೈಲು ಹತ್ತಿಲ್ಲ. ಬ್ಯಾಗಿನ ಒಡತಿಯೂ ಹತ್ತಿಲ್ಲ. ಕಾಯಿ ಕೀಳುವ ಕಾಲದಲ್ಲಿ ಅದು ಕೋದಂಡರಾಮಪ್ಪ ನೋಡಿಕೊಳ್ಳುತ್ತಿದ್ದ ಆ ತೋಟದೊಳಗೇ ಇತ್ತು.

ಇಷ್ಟು ನನಗೆ ಹೊಳೆದದ್ದು ಸೋಮವಾರ. ಮಂಗಳವಾರ ಮಧ್ಯಾಹ್ನ ಕೋದಂಡರಾಮಪ್ಪನ ಆಳು ಆ ಮುನಿಯಲ್ಲಪ್ಪನೇ ಬಂದು ಕತ್ತಿ ಹಿಡಿದ. ಅಲ್ಲಿಗೆ ಅನುಮಾನ ಹೋಗಿ ಖಾತ್ರಿಯಾಯಿತು.

ಪೊಲೀಸರ ಹತ್ತಿರ ಹೋಗಬಹುದಿತ್ತು. ಹಳೇ ಬ್ಯಾಗು ಒರೆಸುವವಳು ಒಂದು ಕಲೆ ತೋರಿಸಿ ಸಾಹುಕಾರನ ಮೇಲೆ ದೂರು ಹೇಳಿದರೆ ಅವರು ನಗುತ್ತಿದ್ದರು. ನಕ್ಕು ಮುಗಿಯುವುದರೊಳಗೆ ಗುರುವಾರ ಕಳೆದುಹೋಗುತ್ತಿತ್ತು.

ಬುಧವಾರ ಬೆಳಗಿನ ಬಸ್ಸಿಗೆ ಪೀರ್ ಸಾಬನನ್ನು ಎಳೆದುಕೊಂಡು ಹೊರಟೆ. ಮುನಿಯಲ್ಲಪ್ಪ ಅವನ ತೋಳು ತಿರುಚಿಯೇ ನನ್ನ ಮನೆ ತಿಳಿದುಕೊಂಡಿದ್ದ. ಮುದುಕ ದಾರಿಯುದ್ದಕ್ಕೂ ತೋಳು ತಿಕ್ಕಿಕೊಳ್ಳುತ್ತ, ನಮಗ್ಯಾಕೆ ದೊಡ್ಡವರ ಉಸಾಬರಿ ಅಂತ ಗೊಣಗಿದ. ನಾನು ಹೇಳಿದ್ದು ಒಂದೇ. ತೋಟದ ಹಿಂದಿನ ರಸ್ತೆಯಲ್ಲಿ ನಿಂತಿರಬೇಕು, ಕೋಲಾರಕ್ಕೆ ಹೋಗುವ ಹನ್ನೊಂದರ ಬಸ್ಸನ್ನು ಹೇಗಾದರೂ ಮಾಡಿ ನಿಲ್ಲಿಸಬೇಕು.

ತೋಟದ ನಡುವೆ ಹೆಂಚಿನ ಮನೆ. ಕಾಯಿಯ ಕೆಲಸ ಮುಗಿದಿತ್ತು, ಆಳುಗಳಿರಲಿಲ್ಲ. ಜಗಲಿಯ ಮೇಲೆ ಒಬ್ಬ ಮುದುಕಿ ಮಾವಿನ ಹೋಳುಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಬೆನ್ನ ಹಿಂದಿನ ಬಾಗಿಲಿಗೆ ಬೀಗ, ಸೊಂಟದಲ್ಲಿ ಬೀಗದ ಕೈ. ಮುನಿಯಲ್ಲಪ್ಪನ ತಾಯಿ ದೊಡ್ಡಮುನಿಯಮ್ಮ ಅವಳೇ ಅಂತ ಪೀರ್ ಸಾಬ್ ಮೊದಲೇ ಹೇಳಿದ್ದ.

"ಕಾಯಿ ಮುಗ್ದೋಯ್ತು ಬೂಬಮ್ಮ, ಮಂಡಿಗೋಗು" ಅಂದಳು.

"ಕಾಯಿಗೆ ಬಂದಿಲ್ಲಮ್ಮ. ನಿನ್ ಮಗನ ಇಚಾರ."

ಎದುರಿಗೆ ಕೂತೆ. ಬ್ಯಾಗಿನ ಕತೆ ಹೇಳಿದೆ. ಕತ್ತಿಯ ಕತೆಯನ್ನೂ ಹೇಳಿ ಗಂಟಲ ಮೇಲಿನ ಗೀರು ತೋರಿಸಿದೆ. ಮುದುಕಿ ಹೋಳು ಹರಡುವುದನ್ನು ನಿಲ್ಲಿಸಲಿಲ್ಲ. ಹರಡಿದ್ದನ್ನೇ ಮತ್ತೆ ಹರಡಿದಳು.

"ಇವತ್ತಲ್ಲ ನಾಳೆ ಇದು ಆಚೆ ಬರುತ್ತೆ" ಅಂದೆ. "ಆಗ ನಿಮ್ ಸಾವ್ಕಾರ ಏನಂತಾನೆ ಗೊತ್ತಾ? ನಂಗೇನೂ ಗೊತ್ತಿಲ್ಲ, ಎಲ್ಲಾ ಆಳು ಮಾಡಿದ್ದು ಅಂತಾನೆ. ಬೀಗ ಹಾಕ್ದೋನು ಯಾರು? ನಿನ್ ಮಗ. ಬ್ಯಾಗ್ ಮಾರ್ದೋನು ಯಾರು? ನಿನ್ ಮಗ. ಕೋದಂಡರಾಮಪ್ಪನ ಕೈಗೆ ಒಂದ್ ಚೂರು ಮಸಿ ಹತ್ತಿದ್ಯಾ, ನೀನೇ ಹೇಳು."

ಮುದುಕಿ ಕೈಯಲ್ಲಿದ್ದ ಹೋಳನ್ನು ಕೆಳಗಿಟ್ಟಳು. ಆಮೇಲೆ ಗೋಡೆ ತೋರಿಸಿದಳು. ಇದ್ದಿಲಿನಲ್ಲಿ ಬರೆದ ಅಕ್ಷರಗಳು. ಸೊಟ್ಟ ಸೊಟ್ಟ. ದೊಡ್ಡಮುನಿಯಮ್ಮ.

"ಒಳಗಿರೋ ಆಯಮ್ಮನ್ನ ಹುಚ್ಚಿ ಅಂದಿದ್ರು. ಕಾಯಿ ಕೀಳೋ ಜನಕ್ಕೂ ಅಂಗೇ ಹೇಳಿದ್ರು. ಆಯಮ್ಮ ಕಿಟಕಿಯಾಗಿಂದ ನಂಗೆ ನನ್ ಹೆಸ್ರು ಬರೆಯೋದ್ ಕಲಿಸ್ತು ಕಣಮ್ಮ. ಹುಚ್ಚಿ ಕಲಿಸ್ತಾಳಾ?"

ಎದ್ದು ಬೀಗ ತೆಗೆದಳು.

ಒಳಗೆ ಹೋದರೆ ಮಾವಿನ ಗಮಲು. ಮೂಲೆಯಲ್ಲಿ ಒಂದು ಚಾಪೆ. ಉಳಿದ ನೆಲವೆಲ್ಲ ಹುಲ್ಲು, ಹುಲ್ಲಿನ ಮೇಲೆ ಕೊಳೆತ ನಾಲ್ಕು ಕಾಯಿ. ಅತ್ತಿಗೆಯನ್ನು ಕೂಡಿಹಾಕಿದ ಕೋಣೆಯಲ್ಲೂ ಜಾಗ ಸುಮ್ಮನೆ ಹೋಗಬಾರದೆಂದು ಆ ಪುಣ್ಯಾತ್ಮ ಮದರಾಸಿಗೆ ಕಳಿಸುವ ಒಳ್ಳೇ ಕಾಯನ್ನು ಅಲ್ಲೇ ಪೇರಿಸಿದ್ದ. ಅದರ ಸೊನೆಯೇ ಬ್ಯಾಗಿನ ಮೇಲೆ ಇಳಿದದ್ದು. ಕೊಲ್ಲುವ ಎದೆಯಿಲ್ಲ, ಬಿಡುವ ಮನಸ್ಸಿಲ್ಲ, ಕೋಣೆ ಖಾಲಿ ಇಡುವ ಉದಾರತೆಯೂ ಇಲ್ಲ. ಇಂಥವನನ್ನು ಊರು ದೊಡ್ಡ ಮನುಷ್ಯ ಅನ್ನುತ್ತಿತ್ತು.

ವೆಂಕಟರತ್ನಮ್ಮ ಎದ್ದು ನಿಂತಳು. ಕಡ್ಡಿಯಾಗಿದ್ದಳು. ನಾನು ಯಾರೆಂದು ಕೇಳಲಿಲ್ಲ.

"ಇವತ್ತು ಯಾವ ವಾರ?"

"ಬುಧವಾರ. ಕೋರ್ಟು ನಾಳೆ."

"ಹಾಗಾದ್ರೆ ನಡೀರಿ."

ಅಷ್ಟರಲ್ಲಿ ಮುಂದಿನ ಗೇಟಿನ ಕಡೆ ಮೋಟಾರು ಸದ್ದು... ಕೋದಂಡರಾಮಪ್ಪನ ಕಾರು. ಆಳು ತಂದ ಬ್ಯಾಗಿನೊಳಗೆ ಅತ್ತಿಗೆಯ ಹೆಸರಿನ ಬದಲು ಇಂಗ್ಲಿಷ್ ಅಕ್ಷರ ಕಂಡಿರಬೇಕು. ಆಳಿಗಿಂತ ಧಣಿಗೆ ಒಂದು ಕೂದಲು ಹೆಚ್ಚು ಬುದ್ಧಿ.

ಹಿಂದಿನ ಬಾಗಿಲಿಂದ ಓಡಿದೆವು. ದೊಡ್ಡಮುನಿಯಮ್ಮನೂ ಬಂದಳು, ಇಲ್ಲಿದ್ದರೆ ಮಗನ ಮುಖ ನೋಡಲಾರೆ ಅಂತ. ಎದೆಯೆತ್ತರದ ಹಿಪ್ಪುನೇರಳೆ ಗಿಡಗಳ ನಡುವೆ ಬಗ್ಗಿ ಬಗ್ಗಿ ನುಗ್ಗಿದೆವು. ಐದು ತಿಂಗಳು ನಾಲ್ಕು ಗೋಡೆಯೊಳಗೆ ಕೂತ ಹೆಂಗಸು ಎರಡು ಸಲ ಬಿದ್ದಳು. ಎರಡು ಸಲವೂ ತಾನೇ ಎದ್ದಳು. ಹಿಂದೆ ಮುನಿಯಲ್ಲಪ್ಪ ಕೂಗುವುದು ಕೇಳುತ್ತಿತ್ತು. ಕತ್ತಾಳೆ ಬೇಲಿಯಲ್ಲಿ ನನ್ನ ಬುರ್ಖಾ ಹರಿದು ಅರ್ಧ ಅಲ್ಲೇ ಉಳಿಯಿತು.

ರಸ್ತೆಯಲ್ಲಿ ಬಸ್ಸು ನಿಂತಿತ್ತು. ಪೀರ್ ಸಾಬ್ ನಟ್ಟನಡುವೆ ತನ್ನ ಗಂಟು ಹಾಕಿ ಅದರ ಮೇಲೆ ಕೂತುಬಿಟ್ಟಿದ್ದ. ಕಂಡಕ್ಟರ್ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಹತ್ತಿಕೊಂಡೆವು.

ನಾಲ್ಕು ಮೈಲಿ ಹೋಗಿರಲಿಲ್ಲ. ಕಾರು ಬಸ್ಸನ್ನು ದಾಟಿ ಅಡ್ಡ ನಿಂತಿತು.

ಕೋದಂಡರಾಮಪ್ಪ ಹತ್ತಿದ. ಜರಿ ಪೇಟ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಧ್ವನಿಯಲ್ಲಿ ಬೆಲ್ಲದ ಪಾಕ. ಇವಳು ನಮ್ಮ ಮನೆಯ ಹೆಣ್ಣು, ತಲೆ ಕೆಟ್ಟಿದೆ, ಮಾನಕ್ಕೆ ಅಂಜಿ ಬಚ್ಚಿಟ್ಟಿದ್ದೆವು, ಇದೋ ಈ ಸಾಬರ ಹೆಂಗಸು ಕದ್ದುಕೊಂಡು ಹೋಗುತ್ತಿದ್ದಾಳೆ ಅಂತ ಬಸ್ಸಿಗೆಲ್ಲ ಕೇಳುವಂತೆ ಹೇಳಿದ.

ಬಸ್ಸು ನನ್ನ ಕಡೆ ತಿರುಗಿತು. ಮೂವತ್ತು ಜೊತೆ ಕಣ್ಣು. ಹಿಂದೆ ನಾಲ್ಕೈದು ಗಂಡಸರು ಎದ್ದು ನಿಂತರು. ನಿನ್ನೆಯ ಕತ್ತಿಗೂ ಹೆದರದವಳು ಆ ಗಳಿಗೆಯಲ್ಲಿ ಹೆದರಿದೆ. ಕತ್ತಿಗೆ ಒಂದೇ ಬಾಯಿ. ಮಂದಿಗೆ ಹಾಗಲ್ಲ.

ವೆಂಕಟರತ್ನಮ್ಮ ಎದ್ದಳು. ಮೈದುನನ ಕಡೆ ನೋಡಲೂ ಇಲ್ಲ. ಎದ್ದು ನಿಂತವರಲ್ಲಿ ಒಬ್ಬನನ್ನು ನೋಡಿದಳು.

"ಸೊಣ್ಣಪ್ಪ, ನಿಮ್ಮ ಮಗಳು ಗಂಗರತ್ನ ಮಗ್ಗಿ ಎಲ್ಲೀತನಕ ಕಲಿತಿದಾಳೆ?"

ಆ ಹೋಳೂರಿನ ರೈತ ತಬ್ಬಿಬ್ಬಾದ. ಹೆಗಲ ಟವೆಲು ತಾನಾಗಿ ಕೈಗೆ ಬಂತು. "ಹನ್ನೆರಡರ ತನಕ, ಮೇಷ್ಟ್ರಮ್ಮ."

"ಹದಿಮೂರು ಹೇಳಿಕೊಡೋ ಹಿಂದಿನ ದಿನ ಇವನು ನನ್ನ ಹಿಡಿಸಿ ಕೂಡಿಹಾಕಿದ. ನಾನು ಯಾವ ರೈಲೂ ಹತ್ತಿಲ್ಲ. ಎಲ್ಲರೂ ನನ್ನ ಮುಖ ಸರಿಯಾಗಿ ನೋಡ್ಕೊಳ್ಳಿ. ನಾಳೆ ಕೋರ್ಟಲ್ಲಿ ಗುರುತು ಹೇಳ್ಬೇಕಾಗುತ್ತೆ."

ಎದ್ದು ನಿಂತಿದ್ದ ಗಂಡಸರು ನನ್ನನ್ನು ಬಿಟ್ಟು ಅವಳ ಮುಖ ನೋಡಿದರು.

ಕೋದಂಡರಾಮಪ್ಪನ ಪಾಕ ಹುಳಿಯಿತು. ಎಳೆದುಹಾಕೋ ಅಂತ ಮುನಿಯಲ್ಲಪ್ಪನಿಗೆ ಕೈಮಾಡಿದ. ಮುನಿಯಲ್ಲಪ್ಪ ಮೆಟ್ಟಿಲು ಹತ್ತಿ ಒಳಗೆ ಬಂದ. ಸೀಟಿನ ತುದಿಯಲ್ಲಿ ಅವನ ತಾಯಿ ಕೂತಿದ್ದಳು.

"ನನ್ನ ತುಳ್ಕೊಂಡ್ ಹೋಗೋ" ಅಂದಳು. ದನಿ ಎತ್ತಲೂ ಇಲ್ಲ.

ಅವನು ನಿಂತ. ತಾಯಿಯನ್ನು ನೋಡಿದ, ಧಣಿಯನ್ನು ನೋಡಿದ. ತಲೆ ತಗ್ಗಿಸಿ ಇಳಿದುಹೋದ.

ಈಗ ಧಣಿ ಒಬ್ಬನೇ. ಕೋಲು ಕೈಯಲ್ಲಿತ್ತು. ಎತ್ತಲಿಲ್ಲ. ಜೀವಮಾನವೆಲ್ಲ ಬೇರೆಯವರ ಕೈಯಲ್ಲಿ ಹೊಡೆಸಿದವನಿಗೆ ತನ್ನ ಕೈ ಹೇಗೆ ಎತ್ತುವುದೆಂದು ಮರೆತಿರುತ್ತದೆ.

"ಇಳೀತೀರಾ ಸಾವ್ಕಾರ್ರೆ, ಇಲ್ಲ ಟಿಕೆಟ್ ಕೊಡ್ಲಾ?" ಅಂದ ಕಂಡಕ್ಟರ್.

ಇಳಿದ. ಸೊಣ್ಣಪ್ಪನೂ ಇನ್ನೇಳು ಮಂದಿಯೂ ಇಳಿದು ಕಾರನ್ನು ಎತ್ತಿ ರಸ್ತೆಯ ಪಕ್ಕದ ಹಳ್ಳಕ್ಕೆ ಇಟ್ಟರು. ಬಸ್ಸು ಹೊರಟಿತು. ಆ ರಾತ್ರಿ ಮೇಷ್ಟ್ರಮ್ಮ ನನ್ನ ಮನೆಯಲ್ಲಿ ಮಲಗಿದಳು, ಬಾಗಿಲಿಗೆ ಅಡ್ಡಲಾಗಿ ಸೊಣ್ಣಪ್ಪ ಮಲಗಿದ.

ಮಾರನೆಯ ದಿನ ಅರ್ಧ ಬಸ್ಸು ಕೋರ್ಟಿಗೆ ಬಂದಿತ್ತು. ಟೇಕಲ್ಲಿನಲ್ಲಿ ಕಣ್ಣಾರೆ ಕಂಡ ಆ ಇಬ್ಬರು ಬಾಗಿಲ ತನಕ ಬಂದು, ಒಳಗೆ ಕೂತವಳನ್ನು ಕಂಡು, ನೀರು ಕುಡಿದು ಬರುತ್ತೇವೆಂದು ಹೋದವರು ತಿರುಗಿ ಬರಲಿಲ್ಲ. ತೋಟ ಅವಳಿಗೇ ಉಳಿಯಿತು. ಕೂಡಿಹಾಕಿದ್ದಕ್ಕೆ ಬೇರೆ ಕೇಸು ನಡೆದು ಕೋದಂಡರಾಮಪ್ಪನಿಗೆ ಮೂರು ವರ್ಷ ಜೈಲಾಯಿತು. ನಾನು ಹೇಳಿದಂತೆಯೇ ಅವನು ಎಲ್ಲವನ್ನೂ ಆಳಿನ ಮೇಲೆ ಹಾಕಿದ. ಆಳು ತಾಯಿಯ ಮಾತು ಕೇಳಿ ನಿಜ ಹೇಳಿದ, ಆರು ತಿಂಗಳಲ್ಲಿ ಹೊರಗೆ ಬಂದ.

ಶಾಲೆ ಅವಳನ್ನು ಕರೆಯಿತು. ಕರೆದದ್ದಷ್ಟೇ ಅಲ್ಲ, ಶಾಮಿಯಾನ ಹಾಕಿ ಸನ್ಮಾನವನ್ನೂ ಮಾಡಿತು. ಹೆಸರು ಹೊಡೆದುಹಾಕಿದವರೇ ಹಾರ ಹಾಕಿದರು. ಬೀದಿಬೀದಿಯಲ್ಲಿ ಅವಳ ಕತೆ ಹೇಳಿ ನಕ್ಕವರು, ಆಯಮ್ಮ ಅಪ್ಪಟ ಬಂಗಾರವೆಂದು ನಮಗೆ ಮೊದಲೇ ಗೊತ್ತಿತ್ತು ಎಂದು ಭಾಷಣ ಮಾಡಿದರು. ಒಬ್ಬ ಕಣ್ಣೀರನ್ನೂ ಹಾಕಿದ. ಮೇಷ್ಟ್ರಮ್ಮ ಹಾರ ತೆಗೆದು ಮೇಜಿನ ಮೇಲಿಟ್ಟು, ಮಕ್ಕಳಿಗೆ ಪಾಠವಿದೆ ಎಂದು ಎದ್ದುಹೋದಳು.

ನಾನು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ. ಕಮಿಟಿಯವರೊಬ್ಬರು ಬಂದು, ನೀವೂ ಮೇಲೆ ಬಂದು ನಮ್ಮ ಜೊತೆ ಕೂರಬೇಕು ಅಂದರು.

ಬೇಡ ಸ್ವಾಮಿ ಅಂದೆ. ಹಸುವಿನ ಚರ್ಮ ತನ್ನಿ, ಎಮ್ಮೆಯದು ತನ್ನಿ, ಉಜ್ಜಿ ಮೆತ್ತಗೆ ಮಾಡಿಕೊಡುತ್ತೇನೆ. ಆ ವೇದಿಕೆಯ ಮೇಲೆ ಕೂತಿರುವ ದಪ್ಪ ಚರ್ಮ ನನ್ನ ಕೈಲಾಗುವ ಕೆಲಸವಲ್ಲ.