ಎರಡನೇ ಸ್ವರರಾಣಿಯ ಸೇಡು

“ಆ ದಿನ ನೀವು ಎಲ್ಲಿ ಕೂತಿದ್ರಿ?”

ಪತ್ರಿಕಾ ಕಚೇರಿಯಲ್ಲಿ ಸಿ.ಡಿ.ಗಳ ರಾಶಿಯ ಹಿಂದೆ ಕೂತಿದ್ದ ಸಂಗೀತ ವಿಮರ್ಶಕ ತಲೆಯೆತ್ತಿದ. ಎದುರಿಗೆ ನಿಂತವಳನ್ನು ಗುರುತಿಸಲು ಅವನಿಗೆ ತಡವಾಗಲಿಲ್ಲ. ಒಂದು ವರ್ಷದ ಕೆಳಗೆ ಅವಳ ಹೆಸರನ್ನು ಎಲ್ಲರ ಬಾಯಲ್ಲೂ ಇಟ್ಟದ್ದು ಅವನ ಲೇಖನವೇ.

“ಮೂರನೇ ಸಾಲಲ್ಲಿ. ಯಾಕೆ?”

“ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ ಅದು. ಪೂರ್ತಿ ಕೇಳಿದ್ರಾ?”

“ಕೇಳದೆ ಬರೀತೀನಾ?”

ಹಸಿ ಸುಳ್ಳು. ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಅವಳಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತು.

ಅವನು ಬರೆದದ್ದು ಅವಳಿಗೆ ಬಾಯಿಪಾಠವಾಗಿತ್ತು. ‘ಸ್ವರರಾಣಿ ಮತ್ತೆ ಹುಟ್ಟಿ ಬಂದಿದ್ದಾಳೆ. ಆ ಮಹಾಗಾಯಕಿಯ ಹಳೆಯ ಹಾಡನ್ನು ಈ ಹುಡುಗಿ ಹಾಡಿದಾಗ ಸಭಾಂಗಣ ಉಸಿರು ಬಿಗಿಹಿಡಿದಿತ್ತು.’

ಉಸಿರು ಬಿಗಿಹಿಡಿಯಲು ಸಭಾಂಗಣದಲ್ಲಿ ಯಾರಿದ್ದರು? ಆ ಹಾಡನ್ನು ಅವಳು ಹಾಡಿದ್ದು ಮಧ್ಯಾಹ್ನ, ಖಾಲಿ ಕುರ್ಚಿಗಳ ಮುಂದೆ, ಸೌಂಡ್ ಚೆಕ್ಕಿಗೆ! ತೀರಾ ಕೆಳಗಿನ ಸ್ವರವೂ ತೀರಾ ಮೇಲಿನ ಸ್ವರವೂ ಅದೊಂದರಲ್ಲೇ ಇರುವುದರಿಂದ ಮೈಕು ಸರಿಮಾಡುವವರಿಗೆ ಸುಲಭವಾಗುತ್ತಿತ್ತು, ಅಷ್ಟೇ. ಸಂಜೆಯೊಳಗೆ ಪುಟ ಮುಗಿಸಬೇಕಾಗಿದ್ದ ಈ ಮಹಾನುಭಾವ ಅಷ್ಟನ್ನೇ ಕೇಳಿ ಕಚೇರಿಗೆ ಓಡಿದ್ದ. ಸಂಜೆ ಅವಳು ಹಾಡಿದ್ದೆಲ್ಲ ಅವಳದೇ ಹಾಡುಗಳು. ಅವುಗಳ ಬಗ್ಗೆ ಒಂದಕ್ಷರ ಇರಲಿಲ್ಲ.

ಮೊದಮೊದಲು ಅವಳ ಅಣ್ಣ, ಬ್ಯಾಂಡಿನ ಡ್ರಮ್ ವಾದಕ, “ಹೊಗಳಿದ್ದಾನೆ ತಾನೇ, ಬಿಡು ಪುಟ್ಟಿ” ಎಂದಿದ್ದ. ಆಮೇಲೆ ಶುರುವಾಯಿತು ನೋಡಿ. ಹೋದಲ್ಲೆಲ್ಲ ‘ಎರಡನೇ ಸ್ವರರಾಣಿ’ ಎಂಬ ಬ್ಯಾನರು. ಅವಳು ತನ್ನ ಹಾಡು ಎತ್ತಿಕೊಂಡರೆ ಜನ ಎದ್ದು ಹೋಗುತ್ತಿದ್ದರು. ಸ್ವರರಾಣಿಯ ಹಾಡಿಲ್ಲದಿದ್ದರೆ ಸಂಘಟಕರು ಕರೆಯುತ್ತಲೇ ಇರಲಿಲ್ಲ. “ರಾಣಿಗೆ ಪಕ್ಕವಾದ್ಯ ನುಡಿಸೋಕೆ ನಾವು ಬಂದಿಲ್ಲ” ಎಂದು ಗಿಟಾರಿನವನೂ ಕೀಬೋರ್ಡಿನವಳೂ ಬಿಟ್ಟುಹೋದರು. ಅವಳ ಸ್ವಂತ ಹಾಡುಗಳು ವೇದಿಕೆ ಕಂಡು ತಿಂಗಳುಗಳಾಗಿದ್ದವು.

ಇವತ್ತು ಅವನು ‘ತಪ್ಪಾಯ್ತು’ ಎಂದಿದ್ದರೆ ಬೈದು ವಾಪಸಾಗುತ್ತಿದ್ದಳೇನೋ. ಸುಳ್ಳು ಹೇಳಿದ. ಅದಕ್ಕೇ ಅವಳು ನಕ್ಕಳು.

“ಮುಂದಿನ ತಿಂಗಳು ಕಾರ್ಯಕ್ರಮ ಇದೆ. ನೀವು ಬರ್ಲೇಬೇಕು. ಅಷ್ಟರಲ್ಲಿ ನಮ್ಮ ಪ್ರಾಕ್ಟೀಸಿಗೂ ಬನ್ನಿ.”

ಆ ನಗುವನ್ನು ನಂಬಿದ, ಪಾಪ.

ಮನೆಗೆ ಬಂದು ಅಣ್ಣನಿಗೆ ಎಲ್ಲ ಹೇಳಿದಳು. ಮೊದಲು ಪ್ರಾಕ್ಟೀಸಿಗೆ ಕರೆದು ಅವನ ನಂಬಿಕೆ ಗಳಿಸುವುದು. ಮಧ್ಯಾಹ್ನ ಸೌಂಡ್ ಚೆಕ್ಕಿನಲ್ಲಿ ಸ್ವರರಾಣಿಯ ಹಾಡು. ಅದನ್ನು ಕೇಳಿ ಅವನು ಬರೆಯಲು ಓಡುತ್ತಾನೆ. ಸಂಜೆ ಅವಳು ಬಾಯಿಯನ್ನೇ ಬಿಡುವುದಿಲ್ಲ, ಬರೀ ವಾದ್ಯ. ಮರುದಿನ ಪತ್ರಿಕೆಯಲ್ಲಿ, ಯಾರೂ ಕೇಳದ ಗಾಯನಕ್ಕೆ ಹೊಗಳಿಕೆಯ ಸುರಿಮಳೆ!

“ಅವನ ಕೆಲಸ ಹೋಗತ್ತೆ ಪುಟ್ಟಿ.”

“ನನ್ನ ಹಾಡು ಹೋಗಿಲ್ವಾ?”

“ದುಡ್ಡು ಕೊಟ್ಟು ಬಂದೋರು ಏನು ಪಾಪ ಮಾಡಿದ್ದಾರೆ?”

“ಅವ್ರು ನನ್ನ ಕೇಳೋಕೆ ಬರ್ತಿಲ್ಲ ಅಣ್ಣ. ರಾಣೀನ ಕೇಳೋಕೆ ಬರ್ತಿದ್ದಾರೆ.”

ಅಣ್ಣ ಡ್ರಮ್ಮಿನ ಕೋಲು ಎತ್ತಿಕೊಂಡ. ಅವಳ ಹಟ ಅವನಿಗೆ ಹೊಸದಲ್ಲ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಾಕ್ಟೀಸು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ವಿಮರ್ಶಕ ಒಂದು ದಿನ ಬಂದ. ಮರುದಿನವೂ ಬಂದ. ಆಮೇಲೆ ಬರುತ್ತಲೇ ಇದ್ದ. ಅವನಿದ್ದಾಗ ಅವಳು ರಾಣಿಯ ಹಾಡನ್ನಷ್ಟೇ ಹಾಡುತ್ತಿದ್ದಳು. ಡ್ರಮ್ಮು ಹೊತ್ತು ಮೆಟ್ಟಿಲು ಹತ್ತಿದ, ಅಣ್ಣನ ಕೈಯಲ್ಲಿ ಬೈಸಿಕೊಂಡ.

“ಹೊಸಬರನ್ನ ಯಾರಿಗಾದ್ರೂ ಹೋಲಿಸದೇ ಇದ್ರೆ ನಮ್ಮ ಸಂಪಾದಕರಿಗೆ ಊಟ ಸೇರಲ್ಲ,” ಎಂದು ಒಮ್ಮೆ ಹೇಳಿದ. “ನಿಮ್ಮಣ್ಣ ಡ್ರಮ್ ಒರೆಸ್ತಾ ಇದ್ರೂ ‘ಗುಡುಗಿನ ತಮ್ಮ’ ಅಂತ ಬರೀಬೇಕು.”

ಅವಳು ಕಿಸಕ್ಕೆಂದಳು. ತಕ್ಷಣ ತನ್ನನ್ನೇ ಬೈದುಕೊಂಡಳು.

‘ನಾಚಿಕೆ ಆಗ್ಬೇಕು ನಿಂಗೆ. ಶತ್ರು ಮಾತಿಗೆ ನಗ್ತೀಯಾ?’

ಒಂದು ಮಧ್ಯಾಹ್ನ ವೈರು ಸುತ್ತಿಡುತ್ತಾ ತನಗೇ ಅರಿವಿಲ್ಲದೆ ಗುನುಗುತ್ತಿದ್ದಳು. ಅವನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

“ಇದು… ಯಾರ ಹಾಡು?”

“ನಂದು. ಆ ದಿನ ಸಂಜೆ ಮೊದಲು ಹಾಡಿದ್ದೇ ಇದು.”

ಅವನ ಮುಖ ಕಪ್ಪಿಟ್ಟಿತು. ಲೋಟ ಕೆಳಗಿಟ್ಟು, ಬ್ಯಾಗು ಹೆಗಲಿಗೇರಿಸಿ ಹೊರಟೇಹೋದ. ಮತ್ತೆ ಬರಲಿಲ್ಲ.

‘ನಂದು ಅಂದ ತಕ್ಷಣ ಬೇಡವಾಯ್ತು ನೋಡು. ರಾಣಿಯದಾಗಿದ್ರೆ ಕುಣೀತಿದ್ದ.’

ಮೊಟ್ಟೆ ಟ್ರೇಗಳ ಗೋಡೆಗೆ ಒರಗಿ ಅವಳು ಅತ್ತಳು. ಅತ್ತದ್ದಕ್ಕೂ ಅವನ ಮೇಲೇ ಸಿಟ್ಟು ಬಂತು. ಇದ್ದಬದ್ದ ಕನಿಕರವೂ ಅಂದೇ ಇಂಗಿತು.

ಕಾರ್ಯಕ್ರಮದ ದಿನ ಸೌಂಡ್ ಚೆಕ್ಕಿಗೆ ಅವನು ಬಾಗಿಲ ಬಳಿ ನಿಂತಿದ್ದ. ಅವಳು ಸ್ವರರಾಣಿಯ ಹಾಡನ್ನು ಹಲ್ಲು ಕಚ್ಚಿಕೊಂಡು, ಆದರೆ ಬಲು ಚೆನ್ನಾಗಿ ಹಾಡಿದಳು. ಮುಗಿಯುವಷ್ಟರಲ್ಲಿ ಬಾಗಿಲು ಖಾಲಿ.

“ಓಡಿದ ನೋಡು,” ಎಂದ ಅಣ್ಣ.

ಅವಳು ಗೆದ್ದಿದ್ದಳು. ಆದರೂ ಆ ಖಾಲಿ ಬಾಗಿಲಿನಿಂದ ಕಣ್ಣು ಕೀಳಲಾಗಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಅವಳು ಮೈಕಿನ ಮುಂದೆ ತುಟಿ ಬಿಗಿದು ನಿಂತಳು. ಅಣ್ಣನ ಡ್ರಮ್ಮು, ಕರೆತಂದಿದ್ದ ಹೊಸ ಹುಡುಗರ ಗಿಟಾರು, ಬೇರೇನೂ ಇಲ್ಲ. ಜನ ಮೊದಲು ಗೊಣಗಿದರು. ಆಮೇಲೆ ಕೂಗತೊಡಗಿದರು.

“ಸ್ವರರಾಣಿ ಹಾಡು! ಸ್ವರರಾಣಿ ಹಾಡು!”

ಆಗ ಮೂರನೇ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಅವನೇ. ಪತ್ರಿಕೆಯ ಪುಟ ಮುಗಿಯುವ ಹೊತ್ತಿನಲ್ಲಿ ಇವನಿಗಿಲ್ಲೇನು ಕೆಲಸ?

“ಸ್ವಲ್ಪ ಸುಮ್ನಿರಿ,” ಎಂದು ಜನರತ್ತ ತಿರುಗಿ ಗಟ್ಟಿಯಾಗಿ ಹೇಳಿದ. “ಇವ್ರನ್ನ ಸ್ವರರಾಣಿ ಅಂತ ಬರೆದೋನು ನಾನು. ಆ ದಿನ ನಾನು ಕಾರ್ಯಕ್ರಮ ಕೇಳೇ ಇಲ್ಲ. ಮೈಕ್ ಟೆಸ್ಟ್ ಕೇಳಿ ಬರ್ದುಬಿಟ್ಟೆ. ಇವತ್ತು ಇವ್ರು ಇವ್ರದೇ ಹಾಡು ಹಾಡ್ಲಿ.”

ಸಭಾಂಗಣ ಗಪ್‌ಚುಪ್. ಅವಳ ಕಣ್ಣು ತುಂಬಿ ಬಂತು. ಹಾಗಂತ ಅಷ್ಟು ಸುಲಭಕ್ಕೆ ಬಿಡುವವಳೇ?

“ಇನ್ನೊಂದ್ಸಲ ಹೇಳಿ,” ಎಂದಳು ಮೈಕಿನಲ್ಲಿ. “ಹಿಂದಿನವರಿಗೆ ಕೇಳ್ಸಿಲ್ಲ.”

ಕಿವಿಯವರೆಗೂ ಕೆಂಪಾಗಿ ಅವನು ಮತ್ತೆ ಹೇಳಿದ. ಹಿಂದಿನವರಿಗೂ ಕೇಳಿಸಿತು, ನಗುವೂ ಎದ್ದಿತು.

ಅವಳು ಅಣ್ಣನ ಕಡೆ ತಿರುಗಿ ತಲೆಯಾಡಿಸಿದಳು. ಹಾಡಿದಳು… ತನ್ನದೇ ಮಾತು, ತನ್ನದೇ ಧಾಟಿ. ಕೆಲವರು ಎದ್ದು ಹೋದರು. ಕೂತವರು ಕೊನೆಯವರೆಗೂ ಕೂತರು.

ಎಲ್ಲ ಮುಗಿದ ಮೇಲೆ ಅವನು ವೇದಿಕೆಯ ಹಿಂದೆ ಬಂದ. ಅಣ್ಣ ಡ್ರಮ್ಮು ಬಿಚ್ಚುವುದನ್ನು ಅರ್ಧಕ್ಕೆ ಬಿಟ್ಟು ಟೀ ಕುಡಿಯಲು ಹೋದ. ಬುದ್ಧಿವಂತ.

“ನಾಳೆ ಪೇಪರಲ್ಲಿ?”

“ನನ್ನ ಜಾಗದಲ್ಲಿ ಸೋಪಿನ ಜಾಹೀರಾತು. ಮಧ್ಯಾಹ್ನ ಕಚೇರಿಗೆ ಹೋಗಿ, ಕೇಳದೆ ಬರೆಯಲ್ಲ ಅಂದೆ. ಸಂಪಾದಕರು ಕೂಗಾಡಿದ್ರು. ಕೆಲಸ ಇದ್ಯೋ ಇಲ್ವೋ, ನಾಳೆ ಗೊತ್ತಾಗತ್ತೆ.”

“ಆವತ್ತು ಮಾತಾಡ್ದೆ ಎದ್ದು ಹೋದ್ರಲ್ಲ?”

“ಏನಂತ ಮಾತಾಡ್ಲಿ? ಎಂಥ ಹಾಡನ್ನ ಮುಚ್ಚಿಹಾಕಿದ್ದೆ ಅಂತ ಅವತ್ತೇ ಗೊತ್ತಾಗಿದ್ದು. ನಿಮಗೆ ಮುಖ ತೋರ್ಸೋಕೆ ಆಗ್ಲಿಲ್ಲ.”

ಅವಳು ತಲೆ ತಗ್ಗಿಸಿದಳು. ಬಲೆ ಹೆಣೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನು ಹೆಗಲ ಬ್ಯಾಗನ್ನು ಕೆಳಗಿಟ್ಟ.

“ಪ್ರಾಕ್ಟೀಸಿಗೆ ಕರೆದಿದ್ದೂ ಅದಕ್ಕೇನಾ?”

“ಮೊದಲು ಅದಕ್ಕೇ.”

“ಆಮೇಲೆ?”

“ಆಮೇಲೆ… ನೀವು ತಡ ಮಾಡಿದ್ರೆ ಕಿಟಕಿ ಹತ್ರ ಹೋಗಿ ನಿಲ್ತಿದ್ದೆ. ಅದಕ್ಕೇ ಕೋಪ ಇನ್ನೂ ಜಾಸ್ತಿ ಆಯ್ತು.”

ಆ ಸಂಜೆ ಅವನು ಮೊದಲ ಸಲ ನಕ್ಕ.

“ಇವತ್ತು ನನ್ನ ಹಾಡು ಹೇಗಿತ್ತು? ಯಾರ ಥರ ಇತ್ತು ಅಂದ್ರೆ ಮಾತ್ರ ಕೊಂದುಬಿಡ್ತೀನಿ.”

“ಒಂದೇ ಸಲ ಕೇಳಿ ಹೇಳೋ ಧೈರ್ಯ ನಂಗಿಲ್ಲ. ಇನ್ನೂ ಕೇಳ್ಬೇಕು.”

“ಎಷ್ಟು ದಿನ?”

“ನೀವು ಹಾಡೋವಷ್ಟು ದಿನ. ಪಕ್ಕದಲ್ಲಿ ಜಾಗ ಕೊಟ್ರೆ.”

“ನಾನಿನ್ನೂ ಕ್ಷಮಿಸಿಲ್ಲ.”

“ಗೊತ್ತು.”

ಅವಳು ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕೂತು, ಒಂದಿಷ್ಟು ಆಚೆ ಸರಿದಳು.

“ಕೂತ್ಕೊಳ್ಳಿ. ಈ ಸಲ ಅರ್ಧಕ್ಕೆ ಎದ್ದು ಹೋದ್ರೆ ನಾನು ಬಿಡಲ್ಲ.”