ಸಿಗಡಿ ಒಣಗಿದ ಪ್ಯಾನಲ್

ಮನೆಯೆದುರು ನಿಲ್ಲಿಸಿದ್ದ ಆಟೋದ ಚಾವಣಿಯನ್ನು ಅನೂಪ್ ಮೂಸುತ್ತಿದ್ದ. ಕಿಟಕಿಯಿಂದ ಅದು ಚಂದನಾಳ ಕಣ್ಣಿಗೆ ಬಿತ್ತು. ಓಡಿ ಬಂದಳು.

“ಹ್ವಾಯ್, ಅಲ್ಲೆಂತ ಮೂಸೂದ್?”

ಏಣಿಯ ಮೇಲಿಂದ ಅವನು ನಕ್ಕ. “ಉಪ್ಪಿನ ಕಲೆ ಇತ್ತ್. ಎಲ್ಲಿಂದ ಬಂತ್?”

“ಕಡ್ಲ್ ಗಾಳಿ.”

ಅದು ಶುದ್ಧ ಸುಳ್ಳು. ಕೋಟೇಶ್ವರದಲ್ಲಿ ಮೀನು ಮಾರುವ ಅವಳ ಗೂಡ್ಸ್ ಆಟೋದ ಮೇಲೆ ಕಂಪನಿಯೊಂದು ಗಾಜಿಲ್ಲದ, ಹಗುರ ಹಾಳೆಯಂಥ ಸೋಲಾರ್ ಪ್ಯಾನಲ್ ಕೂರಿಸಿಕೊಟ್ಟಿತ್ತು. ಇಲ್ಲಿನ ಬಿಸಿಲು, ಉಪ್ಪುಗಾಳಿ, ಹೊಂಡದ ರಸ್ತೆಗೆ ಅದು ಬಾಳಿಕೆ ಬರುತ್ತದೆಯೇ ಎಂಬ ಪರೀಕ್ಷೆಗೆ. ಅದರ ಕರೆಂಟಿನಿಂದ ಮೀನಿನ ಪೆಟ್ಟಿಗೆ ತಂಪಾಗಿದ್ದು, ಸಂಜೆಯಾದರೂ ಬಂಗುಡೆ ಕೆಡುತ್ತಿರಲಿಲ್ಲ. ಆದರೆ ಅಷ್ಟು ನುಣುಪಾದ, ಅಷ್ಟು ಚೆನ್ನಾಗಿ ಕಾಯುವ ಜಾಗ ಕಂಡ ಮೇಲೆ ಮೀನುಗಾರರ ಮನೆ ಹುಡುಗಿ ಸುಮ್ಮನಿರುತ್ತಾಳೆಯೇ? ಮಾರಾಟವಿಲ್ಲದ ದಿನ ಅದರ ಮೇಲೆ ಉಪ್ಪು ಹಾಕಿದ ಸಿಗಡಿ ಹರವುತ್ತಿದ್ದಳು. ಗೊತ್ತಾದರೆ ಪ್ಯಾನಲ್ ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ ಬೇರೆ.

ಹಾಗಾಗಿ ಶುಕ್ರವಾರ ಶುಕ್ರವಾರ ಬೈಂದೂರಿನಿಂದ ತಪಾಸಣೆಗೆ ಬರುವ ಅನೂಪನ ಮೇಲೆ ಅವಳಿಗೆ ಗುಮಾನಿ. ಅವನ ಕಣ್ಣು ಮೀಟರಿನಿಂದ ತನ್ನತ್ತ ಜಾರಿದರೆ ಖುಷಿ. ಮರುಕ್ಷಣವೇ, ಇದು ಬಾಯಿ ಬಿಡಿಸುವ ಉಪಾಯವಿರಬಹುದೇ ಎಂಬ ಅನುಮಾನ. ಅವನು ಬೇಕೆನಿಸುತ್ತಿದ್ದುದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಅವನು ಇಳಿದು ಅಂಗೈ ಚಾಚಿದ. ಅದರಲ್ಲಿ ಒಣಗಿದ ಸಿಗಡಿ ಮೀಸೆ.

“ಕಡ್ಲ್ ಗಾಳಿಗೆ ಮೀಸೆ ಇರತ್ತಾ?”

ಅವಳ ಕಿವಿ ಬಿಸಿಯಾಯಿತು. “ಯಾವಾಗಿಂದ ಗೊತ್ತಿತ್?”

“ಶುರುವಿಂದ್ಲೂ. ಆಫೀಸಿಗೂ ಹೇಳಿದ್ದೆ. ಮೀನ್ ಒಣಗ್ಸೂ ಊರಲ್ಲಿ ಬಾಳ್ಕಿ ಬಾರದ್ ಪ್ಯಾನಲ್ ಇದ್ದ್ ಎಂತ ಮಾಡೂದ್? ಒಣಗ್ಸ್ಲಿ, ಕಾಂಬ ಅಂದ್ರ್.”

“ಹಂಗಾರೆ ನನ್ನ್ ಕಂಡ್ ನೆಗಾಡಿದ್ದೂ ಪರೀಕ್ಷೆಗಾ?”

“ಪರೀಕ್ಷೆ ಹೋದ್ ತಿಂಗ್ಳೇ ಮುಗ್ದಿತ್. ಅಂಚ್ ಚೂರ್ ಎದ್ದಿತ್, ಕರೆಂಟ್ ಕಮ್ಮಿ ಆಯ್ಲಿಲ್ಲೆ. ಪ್ಯಾನಲ್ ಇನ್ನ್ ನಿಮ್ದೇ. ಈಗ ನಾನ್ ಬಪ್ಪುದ್ ರಜೆ ಹಾಕಿ.”

“ಮತ್ತೆ ಇವತ್ತ್ ಮೂಸೂದ್ ಎಂತಕ್ಕೆ?”

“ಮೂಸ್ದಿದ್ರೆ ನೀವ್ ಹೊರ್ಗೆ ಬತ್ತಿದ್ರ್ಯಾ?”

ಮಾತು ಸಿಹಿಯಾಗಿತ್ತು. ಅದಕ್ಕೇ ಚಂದನಾ ನಂಬಲಿಲ್ಲ.

“ಆದಿತ್ವಾರ ಬನ್ನಿ, ಕಾಂಬ,” ಎಂದಳು. ಅವತ್ತು ಆಟೋ ಇರುವುದಿಲ್ಲವೆಂದು ಬೇಕೆಂದೇ ಹೇಳಲಿಲ್ಲ.

ಭಾನುವಾರ ಅವಳ ತಮ್ಮ ಗುಡ್ಡ ಆಟೋ ತೆಗೆದುಕೊಂಡು ಬೈಂದೂರಿಗೆ ಹೊರಟ. ಬಿಸಿಲೇರಿದರೂ ಅನೂಪನ ಸುಳಿವಿಲ್ಲ. ಸುಳ್ಳುಗಾರ ಎಂದು ಬೈದುಕೊಳ್ಳುತ್ತ ಅವಳು ಅಂಗಳಕ್ಕೆ ಬಂದಾಗ ಅವನು ಬರಿಗೈಯಲ್ಲಿ, ಬೆವರೊರೆಸುತ್ತ ನಿಂತಿದ್ದ.

“ಆಟೋ ಇಲ್ಲೆ. ಗುಡ್ಡ ಬೈಂದೂರಿಗೆ ತಕಂಡ್ ಹೋದ.”

“ಗೊತ್ತಿತ್. ತ್ರಾಸಿ ಹತ್ರ ನನ್ ಬಸ್ಸಿಗೆ ಎದ್ರ್ ಸಿಕ್ಕಿತ್.”

“ಕಂಡೂ ಇಳೀಲಿಲ್ಯಾ?”

“ಇಲ್ಲೆ.”

ಇನ್ನೊಂದು ಪ್ರಶ್ನೆ ಅವಳ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡು ಬಾಗಿಲಿನಿಂದ ಸರಿದು ನಿಂತಳು.

“ಒಳಗ್ ಬನ್ನಿ. ಅಮ್ಮ ಇದ್ದ್ರ್.”