ಕೋಟೆ ನೆಲದ ಚಿನ್ನ

ಧಡಾರ್!

ಎರಡನೇ ಗುಂಡು ನನ್ನ ತಲೆಯ ಮೇಲಿನ ಬೀಚ್ ಮರದ ತೊಗಟೆ ಕಿತ್ತುಕೊಂಡು ಹೋಯಿತು. ರೋಮನ್ನರು ಸುಟ್ಟುಹಾಕಿದ, ದಾಕಿಯನ್ನರೆಂಬ ಹಳೇ ಕಾಲದ ಜನರ ಆ ಕೋಟೆಯ ಗೋಡೆ ಹಾರಿದೆ. ಆಚೆಗಿನ ಹಳ್ಳದಲ್ಲಿ ಬಿದ್ದೆ. ಕೊಳೆತ ಎಲೆಗಳನ್ನು ಮೈಮೇಲೆ ಎಳೆದುಕೊಂಡೆ.

ಬಂದೂಕಿಗೆ ಹೊಸ ತೋಟಾ ತುಂಬುವ ಸದ್ದು.

"ಭಾವಾ... ಎಲ್ಲಿದ್ದೀಯಾ ಭಾವಾ?"

ಗ್ಲಿಗೋರ್! ನನ್ನ ಹೆಂಡತಿಯ ಖಾಸಾ ತಮ್ಮ. ಕೊಲ್ಲಲು ಬಂದರೂ 'ಭಾವ' ಎನ್ನುವುದನ್ನು ಬಿಟ್ಟಿರಲಿಲ್ಲ.

ಒರಷ್ತಿಯೆ ಬೆಟ್ಟದ ಈ ಕೋಟೆಗೆ ನಾನೇ ಕಾವಲುಗಾರ ಸಾರ್. ಬೆಳಿಗ್ಗೆ ಗಸ್ತು ಹೊರಟಿದ್ದೆ. ಎದುರಿನ ಗುಂಡಿಯಿಂದ ಇವನು ಎದ್ದು ಬಂದ. ಕೈಯಲ್ಲಿ ಎರಡು ಸಾವಿರ ವರ್ಷದ ಚಿನ್ನದ ಕಡಗ! ನಾನು ಬಾಯಿ ಬಿಟ್ಟರೆ ಅವನಿಗೆ ಜೈಲು. ಅಷ್ಟೇ... ಬಂದೂಕು ಎತ್ತಿದ.

"ಎಲೆ ಕೆಳಗೆ ನುಸುಳಿದ್ರೆ ಬಿಟ್ಬಿಡ್ತೀನಾ? ಮೆಷಿನ್ ಇದೆ ಭಾವ!"

ಮೆಟಲ್ ಡಿಟೆಕ್ಟರ್. ಗುಂಯ್ ಎನ್ನುತ್ತಾ ಹತ್ತಿರ ಬರುತ್ತಿತ್ತು.

ಈ ಕೆಲಸಕ್ಕೆ ಸೇರುವ ಮೊದಲು ನಾನೂ ನಿಧಿಗಳ್ಳನೇ. ಇವನಿಗೆ ಆ ಮೆಷಿನ್ ಹಿಡಿಯಲು ಕಲಿಸಿದವನೂ ನಾನೇ! ಬೆಟ್ಟದ ತುಂಬಾ ಹಳೇ ಕಬ್ಬಿಣ. ಆದ್ದರಿಂದ ಅದನ್ನು ಕಬ್ಬಿಣಕ್ಕೆ ಕಿವುಡು ಮಾಡಿ ಇಡುತ್ತೇವೆ. ನನ್ನ ಬೀಗದ ಕೈ, ಬೂಟಿನ ಮೊಳೆ... ಯಾವುದಕ್ಕೂ ಕೂಗುವುದಿಲ್ಲ. ಫೋನ್ ಕಾವಲು ಗುಡಿಸಲಲ್ಲೇ ಉಳಿದಿತ್ತು. ಬಚಾವ್!

ಆಮೇಲೆ ನೆನಪಾಯಿತು.

ಮದುವೆ ಉಂಗುರ!

ಅಪ್ಪಟ ಚಿನ್ನ. ಎಳೆದೆ. ಬರಲಿಲ್ಲ. ಹದಿನೆಂಟು ವರ್ಷ ಹೆಂಡತಿ ಸವೇತಾ ಬಡಿಸಿದ ಹಂದಿ ಕೊಬ್ಬೆಲ್ಲ ಆ ಬೆರಳಿಗೇ ಸೇರಿತ್ತು! ಉಗುಳು ಹಚ್ಚಿ ತಿರುಚಿದೆ. ಚರ್ಮ ಸುಲಿಯಿತು. ಹಲ್ಲು ಕಚ್ಚಿದೆ. ಸತ್ತೇ ಹೋಗುತ್ತೇನೆ ಎಂಬ ಭಯಕ್ಕೆ ಕಣ್ಣಲ್ಲಿ ನೀರು ಬಂತು.

"ಅಕ್ಕನ್ನ ನಾನು ನೋಡ್ಕೋತೀನಿ ಭಾವ. ಸುಮ್ನೆ ಎದ್ದು ಬಾ!"

ಹತ್ತು ಹೆಜ್ಜೆ... ಎಂಟು...

ಬಂತು! ರಕ್ತದ ಜೊತೆ ಉಂಗುರವೂ ಬಂತು. ಅವನು ಬರುವ ದಾರಿಯ ಪಕ್ಕಕ್ಕೆ ಎಸೆದೆ. ಮರದಿಂದ ಮಂಜು ತೊಟ್ಟಿಕ್ಕುವ ಸದ್ದಿನಲ್ಲಿ ಅದು ಬಿದ್ದದ್ದು ನನಗೇ ಕೇಳಲಿಲ್ಲ.

ಕೀಂಯ್!

ಮೆಷಿನ್ ಕೂಗಿತು. ಅವನು ನಿಂತ.

ಆ ಚಟ ನನಗೆ ಗೊತ್ತು ಸಾರ್. ಚಿನ್ನದ ಕೂಗು ಕೇಳಿದ ಮೇಲೆ ನಿಧಿಗಳ್ಳ ಒಂದು ಹೆಜ್ಜೆ ಮುಂದಿಡಲಾರ. ಕೊಲ್ಲಬೇಕಾದವನು ಪಕ್ಕದಲ್ಲೇ ಇದ್ದರೂ ಸರಿಯೇ! ಬಂದೂಕನ್ನು ಗೋಡೆಗೆ ಒರಗಿಸಿದ. ಮಂಡಿಯೂರಿ, ಎರಡೂ ಕೈಯಲ್ಲಿ ಕೆಸರು ಕೆದರತೊಡಗಿದ. ನಾನು ತೆವಳಿದೆ.

"ಇದೇನಿದು..." ಉಂಗುರದ ಒಳಗೆ ಕೊರೆದ ಹೆಸರು ಓದುತ್ತಿದ್ದ. "ಸ...ವೇತಾ?"

"ಹೌದು ಕಣೋ, ನಿನ್ನ ಅಕ್ಕನೇ!"

ತಿರುಗಿದ. ಬಂದೂಕು ನನ್ನ ಕೈಯಲ್ಲಿತ್ತು.

"ಭಾವ... ಸುಮ್ನೆ ಹೆದರಿಸೋಣ ಅಂತ..."

"ಹೆದರಿದೀನಿ. ಬೆರಳು ಟ್ರಿಗರ್ ಮೇಲಿದೆ, ನಡುಗ್ತಾ ಇದೆ. ಮೆತ್ತಗೆ ನಡಿ!"

ಮಧ್ಯಾಹ್ನ ಠಾಣೆಯಲ್ಲಿ ಅವನಿಗೆ ಕೋಳ ಬಿತ್ತು. ಮೇಜಿನ ಮೇಲೆ ಕಡಗ. ಪಕ್ಕದಲ್ಲಿ ನನ್ನ ಉಂಗುರ. ಕೈ ಚಾಚಿದೆ. ಇನ್ಸ್‌ಪೆಕ್ಟರ್ ತಡೆದ.

"ಇದೂ ಕೋಟೆ ನೆಲದಿಂದ ಕೆದಕಿ ತೆಗೆದ ಚಿನ್ನ ತಾನೇ?"

"ನನ್ನ ಮದುವೆ ಉಂಗುರ ಸಾರ್!"

"ಇರಬಹುದು. ಕೇಸ್ ಮುಗಿಯೋವರೆಗೂ ಸರ್ಕಾರದ್ದು."

ಗುಂಡಿನಿಂದ ಬಚಾವಾಗಿದ್ದೆ. ಆದರೆ ಸಂಜೆ ಮನೆಗೆ ಹೋಗಬೇಕಿತ್ತು... ಬರಿಬೆರಳಲ್ಲಿ, ಅವಳ ತಮ್ಮನನ್ನು ಜೈಲಿಗೆ ಹಾಕಿಸಿ!